ಕಡ್ಡಿಗೆ ಸುತ್ತಿದ ನಾರು

ಚೊಳಚಗುಡ್ಡದಲ್ಲಿ ಯಾರಿಗೆ ನಾರುಹುಣ್ಣಾದರೂ ಶಾರವ್ವನನ್ನೇ ಕರೆಯುತ್ತಿದ್ದರು. ಬೊಕ್ಕೆ ಒಡೆದು ದಾರದಂಥ ಹುಳ ತಲೆ ಹಾಕಿದಾಗ ಅದನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಒಂದು ಸುತ್ತು, ಹೆಚ್ಚೆಂದರೆ ಎರಡು, ಉಸಿರು ಬಿಗಿಹಿಡಿದು ತಿರುಗಿಸುವ ಕೈ ಅವಳದು. ಹುಳ ಪೂರ್ತಿ ಬರುವವರೆಗೆ ಕಾಲು ಊರಬಾರದು. ನಡುವೆ ಹರಿದರೆ ಒಳಗೇ ಕೊಳೆತು ಕಾಲನ್ನೇ ತಿನ್ನುತ್ತದೆ.

ಐವತ್ನಾಲ್ಕರ ಹೋಳಿ ಹುಣ್ಣಿಮೆಯ ಮರುವಾರ ತುಳಸೀಬಾಯಿಯವರ ಮನೆಯಿಂದ ಕರೆ ಬಂತು. ಮಗಳು ಸುಲಭಾಳ ಹಿಮ್ಮಡಿಯ ಮೇಲೆ ನಾರು ಕಂಡಿತ್ತು. ಹಿಂದಿನ ಬೇಸಿಗೆಯಲ್ಲಿ ಅವಳು ಶಾರವ್ವನ ಮಗಳು ಇಂದ್ರವ್ವನ ಜೊತೆ ಹೊಲದ ದಾರಿಯ ಮೆಟ್ಟಿಲುಬಾವಿಗಿಳಿದು ಬೊಗಸೆಯಲ್ಲಿ ನೀರು ಕುಡಿದಿದ್ದಳು. ಮಡಿಬಟ್ಟೆಯಲ್ಲಿ ಸೋಸದ ನೀರನ್ನು ತುಳಸೀಬಾಯಿ ಮನೆಯಲ್ಲಿ ಯಾರಿಗೂ ಕೊಡುತ್ತಿರಲಿಲ್ಲ. ಸುಲಭಾ ಆ ಬಾವಿಯ ನೀರು ಕುಡಿದದ್ದು ಅದೊಂದೇ ದಿನ. ಇಂದ್ರವ್ವ ಹುಟ್ಟಿದಾಗಿನಿಂದ ಕುಡಿದದ್ದೇ ಅದನ್ನು.

ಅದೇ ವಾರ ಇಂದ್ರವ್ವನ ಮೊಣಕಾಲ ಕೆಳಗೂ ನಾರು ತಲೆ ಹಾಕಿತು.

ಗೌಡರ ಹೊಲದಲ್ಲಿ ಹತ್ತಿ ಬಿಡಿಸುವ ಹಂಗಾಮು. ಮನೆಗೊಂದು ಸಾಲು, ಒಂದು ದಿನ ಬಿಟ್ಟರೆ ಮರುದಿನ ಅಲ್ಲಿ ಬೇರೆಯವರು. ಗಂಡ ಚಂದಪ್ಪ ತೀರಿದ ಮೇಲೆ ಆ ಕೂಲಿಯ ಜೋಳವೇ ಮಳೆಗಾಲದವರೆಗಿನ ಊಟ. ಇತ್ತ ತುಳಸೀಬಾಯಿಯವರ ಹಿತ್ತಲಲ್ಲೇ ಶಾರವ್ವನ ಗುಡಿಸಲಿತ್ತು. ಅವರ ಕರೆಗೆ ಒಲ್ಲೆನೆನ್ನುವಂತಿರಲಿಲ್ಲ, ಹೋದರೆ ದಿನವೆಲ್ಲ ಸುಲಭಾಳ ಬಳಿಯೇ ಇರಬೇಕು.

"ಯವ್ವ, ನೀ ಬಾಯಾರ ಮನಿಗೆ ಹೋಗು. ಸಾಲು ನಾ ನೋಡ್ತೇನಿ," ಎಂದಳು ಇಂದ್ರವ್ವ. "ಹತ್ತಿಗೇನು ನನ್ನ ಕಾಲು ಕಾಣತದೇನು?"

ಶಾರವ್ವ ಕತ್ತಲಿರುವಾಗಲೇ ಮಗಳ ಕಡ್ಡಿಗೆ ಒಂದು ಸುತ್ತು ಹಾಕಿ, ಎಕ್ಕೆಯೆಲೆ ಇಟ್ಟು, ಚಿಂದಿ ಕಟ್ಟಿ ಕಳಿಸುತ್ತಿದ್ದಳು.

ಬಿಸಿಲೇರಿದ ಮೇಲೆ ಪಡಸಾಲೆಯ ಮಂಚದಲ್ಲಿ ಸುಲಭಾಳ ಸರದಿ. ಅವಳು ಕಾಲು ಅಲುಗಿಸದಿರಲೆಂದು ಶಾರವ್ವ ಕಥೆ ಹೇಳುತ್ತಿದ್ದಳು. ಅರಮನೆಯ ಗೋಡೆಯಲ್ಲೊಂದು ಹಾವು ಸಿಕ್ಕಿಕೊಂಡಿತ್ತಂತೆ. ರಾಣಿ ದಿನಕ್ಕೊಂದು ಹಾಡು ಹೇಳಿದರೆ ಅದು ಗೇಣಷ್ಟು ಹೊರಗೆ ಬರುತ್ತಿತ್ತಂತೆ. ಅವಸರ ಮಾಡಿದರೆ ತಿರುಗಿ ಒಳಗೆ.

"ಶಾರವ್ವ, ಈ ಹುಳಕ್ಕ ಪಂಢರೀನಾಥ ಅಂತ ಹೆಸರಿಟ್ಟೇನಿ," ಎಂದಳು ಸುಲಭಾ. "ನಮ್ಮ ಲೆಕ್ಕದ ಮಾಸ್ತರು. ಅವರ ಪಾಠನೂ ಹಿಂಗs, ಎಳದಷ್ಟೂ ಮುಗಿಯೂದಿಲ್ಲ."

ಶಾರವ್ವ ನಕ್ಕಳು. ಕೈ ಅಲುಗಲಿಲ್ಲ.

ತುಳಸೀಬಾಯಿ ಹಾಲಿನ ಬಟ್ಟಲು ತಂದು ಮಗಳ ಕೈಗಿತ್ತರು. "ಇಂದ್ರವ್ವಗೂ ಆಗೇದಂತಲ್ಲ? ಕಾಲು ಊರಬ್ಯಾಡ ಅಂತ ಹೇಳು ಆಕಿಗೆ."

"ಹೇಳೇನ್ರಿ ಬಾಯಾರ."

ಆ ಮಾತು ಕರುಣೆಯಿಂದಲೇ ಬಂದಿತ್ತು. ಅದಕ್ಕೇ ಶಾರವ್ವನಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಹದಿನೇಳನೆಯ ದಿನ ಸುಲಭಾಳ ಹುಳ ಬಾಲದವರೆಗೂ ಬಂತು. ಹಾವು ಹೊರಬಿದ್ದು ಮುತ್ತಿನ ಸರವಾಯಿತೆಂದು ಶಾರವ್ವ ಕಥೆ ಮುಗಿಸಿದಳು. ತುಳಸೀಬಾಯಿ ಅವಳ ಸೆರಗಿಗೆ ಎರಡು ಹೋಳಿಗೆ ಹಾಕಿದರು.

ಗುಡಿಸಲಿಗೆ ಬಂದರೆ ಇಂದ್ರವ್ವ ಹೊಲಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ಕಾದ ಹಂಚಿನಂತಿತ್ತು. ಚಿಂದಿ ಬಿಚ್ಚಿದರೆ ಕಡ್ಡಿಯಿರಲಿಲ್ಲ.

"ನಿನ್ನಿ ಸಂಜೀಕ ಹತ್ತಿ ಗಿಡಕ್ಕ ಸಿಕ್ಕು ಹರೀತು," ಎಂದಳು. "ನೀ ಬೈತಿ ಅಂತ ಹೇಳಲಿಲ್ಲ. ಬೆಳಿಗ್ಗೆ ಕಡ್ಡಿ ಮುಟ್ಟಬ್ಯಾಡ, ನೋಯತದ ಅಂತ ಸುಳ್ಳು ಹೇಳಿದೆ."

ಬಾಗಲಕೋಟೆಗೆ ಒಯ್ದರು. ಡಾಕ್ಟರು ಕೀವು ತೆಗೆದು ಜೀವ ಉಳಿಸಿದರು. ಮೊಣಕಾಲು ಮಡಿಸಿದ್ದು ಮಡಿಸಿದಂತೆಯೇ ಗಟ್ಟಿಯಾಯಿತು.

"ನಾರು ತಗಿಯಾಕಿ ನೀನs ಅಂತಲ್ಲ. ಮಲಗಿಸಬೇಕು ಅಂತ ಗೊತ್ತಿರಲಿಲ್ಲೇನು?" ಎಂದು ಡಾಕ್ಟರು ಕೇಳಿದರು.

"ಗೊತ್ತಿತ್ತರಿ," ಎಂದಳು ಶಾರವ್ವ.

ಊರಿಗೆ ಮರಳಿದ ದಿನ ಸುಲಭಾ ಹಿತ್ತಲ ತುಂಬ ಓಡಾಡುತ್ತಿದ್ದಳು. ಇಂದ್ರವ್ವ ಬಾಗಿಲಲ್ಲಿ ಕೂತು ಅವಳ ಕಾಲನ್ನೇ ನೋಡಿದಳು.

"ಯವ್ವ, ಸುಲಭಾಗ ಹೇಳಿದಿಯಂತಲ್ಲ ಆ ಹಾವಿನ ಕಥಿ, ನನಗ ಹೇಳಲೇ ಇಲ್ಲ ನೀ. ಈಗ ಹೇಳು. ನಾ ಎಲ್ಲಿಗೂ ಹೋಗೂದಿಲ್ಲ."

ಶಾರವ್ವ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಹೇಳುತ್ತ ಹೇಳುತ್ತ ಅವಳ ಹೆಬ್ಬೆರಳು, ತೋರುಬೆರಳು ಅಭ್ಯಾಸಬಲದಿಂದ ಮೆಲ್ಲಗೆ ತಿರುಗುತ್ತಿದ್ದವು. ಅವುಗಳ ನಡುವೆ ಏನೂ ಇರಲಿಲ್ಲ.