ಸಾಲು ಹೇಳಿಕೊಡುವವಳು

ಮೌಂಟ್ ಹೆರ್ಮೋನ್ ಚರ್ಚಿನಲ್ಲಿ ಪುಸ್ತಕ ನೋಡಿ ಹಾಡುವ ಪದ್ಧತಿ ಎಂದೂ ಇರಲಿಲ್ಲ. ಜೀತದಲ್ಲಿದ್ದ ಕರಿಯರು ಅಕ್ಷರ ಕಲಿತರೆ ಬೆನ್ನಿನ ಮೇಲೆ ಬಾಸುಂಡೆ ಏಳುತ್ತಿದ್ದ ಕಾಲದಲ್ಲಿ ಹಿರಿಯರು ಕಂಡುಕೊಂಡ ದಾರಿಯೇ ಅಲ್ಲಿ ನಡೆದು ಬಂದಿತ್ತು. ಒಬ್ಬರು ಎದ್ದು ನಿಂತು ಒಂದು ಸಾಲು ಹೇಳಿಕೊಡಬೇಕು; ಸಭೆಯೆಲ್ಲ ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡಬೇಕು. ಹೇಳಿಕೊಟ್ಟ ಸಾಲು ಯಾವುದೇ ಇರಲಿ, ಕೈಬಿಡುವಂತಿಲ್ಲ. ಬಿಟ್ಟರೆ ಪ್ರಾರ್ಥನೆಯೇ ಮುರಿದಂತೆ. ಮೂವತ್ತು ವರ್ಷಗಳಿಂದ ಅಲ್ಲಿ ಸಾಲು ಹೇಳಿಕೊಡುತ್ತಿದ್ದವಳು ವರ್ಡೆಲ್ ಪೆಟಸ್.

೧೯೭೨ರ ವಸಂತದಲ್ಲಿ ಆ ಊರಿನ ಕೋರ್ಟು ಕಟ್ಟಡಕ್ಕೆ ನೂರು ತುಂಬಿತು. ಉತ್ಸವ ಸಮಿತಿಯ ಅಧ್ಯಕ್ಷ ಹಾಲ್ಕಂಬ್ ತಾನೇ ಅವಳ ಮನೆಯ ಜಗಲಿಗೆ ಬಂದ.

"ಏನತ್ತೆ, ಮೊಣಕಾಲು ಹೇಗಿದೆ?"

ವಯಸ್ಸಾದ ಕರಿಯ ಹೆಂಗಸರನ್ನು ಬಿಳಿಯರು ಅತ್ತೆ ಎನ್ನುವುದು ವರ್ಜೀನಿಯಾದ ಆ ಸೀಮೆಯಲ್ಲಿ ವಾಡಿಕೆ. ಹಾಗೆ ಕರೆದರೆ, ಗೌರವ ಕೊಟ್ಟು ಶ್ರೀಮತಿ ಎನ್ನುವ ಕಷ್ಟ ತಪ್ಪುತ್ತದೆ.

"ಕಾಲು ಕಾಲಿನ ಹಾಗೇ ಇದೆ, ಹಾಲ್ಕಂಬ್ ಅವರೇ. ಬಂದ ವಿಷಯ ಹೇಳಿ."

"ನಮ್ಮ ರಾಜ್ಯದ ಹಾಡು ನಿಮ್ಮ ಚರ್ಚಿನವರ ಬಾಯಲ್ಲಿ ಕೇಳ್ಬೇಕು ಅಂತ ಎಲ್ರಿಗೂ ಆಸೆ. ನೀವು ಹಾಡಿ, ಆ ಗೇಟಿನ ವಿಷಯ ನಾನು ನೋಡ್ತೀನಿ."

ಗೇಟು ಎಂದರೆ ಅವನ ಹೊಗೆಸೊಪ್ಪಿನ ಹೊಲದ ಗೇಟು. ಅದರಾಚೆ, ದೇವದಾರುಗಳ ನೆರಳಿನಲ್ಲಿ, ವರ್ಡೆಲ್‌ಳ ಅಜ್ಜಿ, ಅಜ್ಜಿಯ ತಾಯಿ, ಇಡೀ ಪೆಟಸ್ ಬಳಗ ಮಣ್ಣಲ್ಲಿ ಮಲಗಿತ್ತು. ಬೀಗ ತೆಗೆಯುತ್ತಿದ್ದದ್ದು ವರ್ಷಕ್ಕೊಂದೇ ದಿನ. ಸಾಯುವ ಮುಂಚೆ ಆ ದಾರಿ ತೆರೆದಿರುವುದನ್ನು ನೋಡಬೇಕೆಂಬುದೊಂದೇ ಅವಳು ದೇವರಲ್ಲಿ ಬೇಡುತ್ತಿದ್ದ ಬೇಡಿಕೆ.

"ಹಾಡೋದಾದ್ರೆ ನಮ್ಮ ರೀತೀಲೇ ಹಾಡೋದು. ನಾನು ಸಾಲು ಹೇಳ್ತೀನಿ, ಅವ್ರು ಎತ್ಕೋತಾರೆ," ಎಂದಳು.

"ಇನ್ನೂ ಚೆಂದ!" ಎಂದು ಅವನು ಟೋಪಿ ತಟ್ಟಿಕೊಂಡು ಹೋದ.

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅವಳ ತಮ್ಮ ಲೆಮ್ಯುಯಲ್ ಹೊರಗೆ ಬಂದ. ಚರ್ಚಿನ ಹಿರಿಯ ಅವನು. "ಅಬ್ಬ, ನೀನು ಒಪ್ತೀಯಾ ಅಂದ್ಕೊಂಡಿರ್ಲಿಲ್ಲ, ಅಕ್ಕ."

"ಪೂರ್ತಿ ಎಲ್ಲಿ ಒಪ್ಪಿದೆ? ಆ ಹಾಡಲ್ಲಿ ಜೀತದ ಮುದುಕ ತನ್ನ ಒಡೆಯನ್ನ ನೆನೆಸ್ಕೊಂಡು ಕರಗಿ ಹೋಗ್ತಾನೆ. ಅಜ್ಜಿ ಬೆನ್ನು ತಿಕ್ಕಿದೋಳು ನಾನು. ಆ ಚಾಟಿ ಗೀರುಗಳು ಈಗ್ಲೂ ಬೆರಳಿಗೆ ಸಿಗ್ತಾವೆ."

"ಬರೆದೋನು ನಮ್ಮ ಕರಿಯೋನೇ ಅಲ್ವಾ! ಬಿಳಿಯರನ್ನ ನಗಿಸೋ ಹಾಡು-ಕುಣಿತದ ಆಟಕ್ಕೆ ಅಂತ ಹೊಟ್ಟೆಪಾಡಿಗೆ ಬರೆದ, ಪಾಪ. ಅಪ್ಪ ಉತ್ತರದ ಕಾರ್ಖಾನೆಗೆ ಹೋದಾಗ ಅದನ್ನೇ ಗುನುಗಿ ಅಳ್ತಿದ್ನಂತೆ."

"ಅಪ್ಪ ಅತ್ತದ್ದು ಊರಿಗೆ. ಒಡೆಯನಿಗಲ್ಲ. ಒಡೆಯನ ಸಾಲು ನಾನು ಹೇಳ್ಕೊಡೋಲ್ಲ."

"ಒಂದು ಸಾಲಿಗೋಸ್ಕರ ದಾರಿ ಕಳ್ಕೋತೀಯಾ? ಒಳ್ಳೆ ಹೇಸರಗತ್ತೆ ಹಟ ನಿಂದು!"

"ನಿನ್ನ ಜೊತೆ ಬೆಳೆದೋಳಲ್ವಾ, ಮತ್ತೇನು ಬರುತ್ತೆ?" ಎಂದು ಅವಳು ಅವರೆಕಾಯಿ ಸುಲಿಯಲು ಕೂತಳು. ಸುಲಿಯುತ್ತಲೇ ತುಟಿ ಅಲ್ಲಾಡಿಸಿ ದೇವರೊಡನೆ ಮಾತಿಗಿಳಿದಳು. ಬುಟ್ಟಿ ತುಂಬುವ ಹೊತ್ತಿಗೆ ಏನು ಮಾಡಬೇಕೆಂಬುದು ತಿಳಿಯಾಗಿತ್ತು.

ಉತ್ಸವದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಲವತ್ತು ಜನ ಬಿಳಿ ನಿಲುವಂಗಿ ತೊಟ್ಟು ನಿಂತರು. ರಾಜ್ಯದ ಹಾಡೆಂದ ಮೇಲೆ ಊರಿಗೆ ಊರೇ ಎದ್ದು, ಟೋಪಿ ತೆಗೆದು ಎದೆಗೊತ್ತಿಕೊಂಡಿತು. ಹುಟ್ಟಿದ ನೆಲದ ಹಂಬಲದ ಸಾಲುಗಳನ್ನು ವರ್ಡೆಲ್ ಹಾಗೆಯೇ ಹೇಳಿಕೊಟ್ಟಳು. ಅವು ಅಪ್ಪನ ಸಾಲುಗಳು. ಕೆಲವರು ಕಣ್ಣೊರೆಸಿಕೊಂಡರು. ಒಡೆಯನ ಸಾಲು ಬಂತು. ರಾಗ ಅದೇ ಇಟ್ಟು, ಮಾತು ಬದಲಿಸಿದಳು.

"ದೇವದಾರಿನ ಕೆಳಗೆ ಸೂಕಿ ಪೆಟಸ್ ಮಲಗವಳೆ."

ಮೊದಲು ಹಿಂದಿನಿಂದ ಒಂದೇ ಒಂದು ಗಂಡುದನಿ ಆ ಸಾಲನ್ನು ಎತ್ತಿಕೊಂಡಿತು. ಅದು ಲೆಮ್ಯುಯಲ್‌ನದು. ಬೇಡವೆಂದವನೇ ಅವನು, ಆದರೆ ಹೇಳಿಕೊಟ್ಟ ಸಾಲನ್ನು ಜನ್ಮದಲ್ಲಿ ಬಿಟ್ಟವನಲ್ಲ. ಉಳಿದವರು ಅವನ ಬೆನ್ನಿಗೆ ಬಂದರು.

"ಬೇಲಿಯ ಪಕ್ಕ ಕುಂಟ ಐಸಾಕ ಮಲಗವನೆ."

"ಹೆಸರಿಡೋ ಮುಂಚೆ ಹೋದ ಕೂಸು ಮಲಗೈತೆ."

ರಾಗ ರಾಜ್ಯದ್ದೇ. ಕೂರುವಂತಿಲ್ಲ, ಟೋಪಿ ಹಾಕುವಂತಿಲ್ಲ. ಹಾಲ್ಕಂಬ್ ಮುಖ ಬೀಟ್‌ರೂಟಿನಂತಾಗಿ, ಟೋಪಿ ಎದೆಗೊತ್ತಿಕೊಂಡೇ, ತನ್ನ ಹೊಲದಲ್ಲಿ ಮಲಗಿದ ಇಪ್ಪತ್ತಾರು ಜನರ ಸಾಲು ಮುಗಿಯುವವರೆಗೂ ನಿಂತ.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಎಲ್ಲರೂ ಹೊಲದತ್ತ ನಡೆದರು. ಗೇಟಿಗೆ ಹೊಸ ಸರಪಳಿ ಬಿದ್ದಿತ್ತು.

"ನೋಡಿದ್ಯಾ? ವರ್ಷಕ್ಕೊಂದು ದಿನ ಸಿಗ್ತಿದ್ದದ್ದೂ ಹೋಯ್ತು," ಎಂದ ಲೆಮ್ಯುಯಲ್.

"ಹೋಗ್ಲಿ ಬಿಡು. ಅದು ಅವನು ಕೊಟ್ಟ ದಿನ." ವರ್ಡೆಲ್ ಲಂಗ ಎತ್ತಿ ಸಿಕ್ಕಿಸಿ, ಗೇಟಿನ ಕೆಳಗಿನ ಅಡ್ಡಪಟ್ಟಿಗೆ ಕಾಲಿಟ್ಟಳು. "ಭುಜ ಕೊಡು."

"ಅಕ್ಕ, ಶೆರಿಫ್ ಬಂದು ಹಿಡ್ಕೊಂಡ್ಹೋಗ್ತಾನೆ!"

"ಬರ್ಲಿ. ಅವನಿಗೂ ಸಾಲು ಹೇಳ್ಕೊಡ್ತೀನಿ. ನೀನು ಭುಜ ಕೊಡ್ತೀಯೋ, ಭಾಷಣ ಕೊಡ್ತೀಯೋ?"

ಅವನು ಗೊಣಗುತ್ತಲೇ ಬಗ್ಗಿದ. ಅವಳು ಏರಿದಳು, ಮೇಲೆ ಕೂತು ಒಮ್ಮೆ ಉಸಿರು ತೆಗೆದುಕೊಂಡಳು, ಆಚೆ ಇಳಿದಳು. ಮೊಣಕಾಲು ಚುಳುಕ್ಕೆಂದಿತು. ಹಿಂದೆ ಇನ್ನೊಬ್ಬಳು ಆಗಲೇ ಪಟ್ಟಿಯ ಮೇಲೆ ಕಾಲಿಟ್ಟಿದ್ದಳು. ವರ್ಡೆಲ್ ಕುಂಟುತ್ತ ಮರಗಳತ್ತ ಹೊರಟಳು.