ದೊಡ್ಡ ಡೆಲ್ವಿನ್‌ನ ಮೊಣಕಾಲು

ಗೋಕಾಕದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದ ಸಿದ್ರಾಯನಿಗೆ ತಾನು ಬಾಸ್ಕೆಟ್‌ಬಾಲ್ ಬಲ್ಲವನೆಂಬುದರ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಫಲಿತಾಂಶಗಳಿಗೆ ಮಾತ್ರ.

ಕಾಲೇಜಿನಲ್ಲಿ ಒಂದೇ ಅಂಗಳದಲ್ಲಿ ಆಡಿ ಬೆಳೆದ ಐದು ಮಂದಿ ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಫ್ಯಾಂಟಸಿ ಲೀಗ್ ನಡೆಸುತ್ತಿದ್ದರು. ಆಟದ ರೀತಿ ಸರಳ. ಅಮೆರಿಕದಲ್ಲಿ ಸೀಸನ್ ಶುರುವಾಗುವ ಮೊದಲು ಇಲ್ಲಿ ಇವರು ಒಂದು ಕಡೆ ಸೇರಿ, ಅಲ್ಲಿನ ಆಟಗಾರರನ್ನು ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ಆರಿಸಿಕೊಂಡು ತಂತಮ್ಮ ತಂಡ ಕಟ್ಟಬೇಕು. ಒಬ್ಬರು ತೆಗೆದುಕೊಂಡವನು ಇನ್ನೊಬ್ಬರಿಗೆ ಇಲ್ಲ. ಆಮೇಲೆ ಆ ಆಟಗಾರರು ಅಲ್ಲಿ ನಿಜವಾಗಿ ಆಡಿ ಗಳಿಸಿದ್ದೆಲ್ಲ ಇಲ್ಲಿ ಇವರ ಖಾತೆಗೆ; ವಾರವಾರ ಇಬ್ಬಿಬ್ಬರ ಖಾತೆಗಳನ್ನು ಎದುರುಬದಿರು ಇಟ್ಟು ಗೆಲುವು ಸೋಲು ತೀರ್ಮಾನ. ಆರಿಸುವ ದಿನಕ್ಕೆ ಡ್ರಾಫ್ಟ್ ಎನ್ನುತ್ತಿದ್ದರು. ಸಿದ್ರಾಯನ ತಂಡ ಪ್ರತಿ ವರ್ಷವೂ ಕಟ್ಟಕಡೆಗೆ ಬಂದು ನಿಲ್ಲುತ್ತಿತ್ತು. ಮೊದಲ ವರ್ಷ ಅವನು ನೆಟ್‌ವರ್ಕನ್ನು ಬೈದ, ಮರುವರ್ಷ ರೆಫರಿಗಳನ್ನು, ಅದರ ಮರುವರ್ಷ ಒಟ್ಟು ಅಮೆರಿಕದವರನ್ನೇ ಬೈದ.

ಈ ಸಲ ಚೀಟಿ ಎತ್ತಿದಾಗ ಮೊದಲ ಸರದಿ ಅವನದೇ ಬಂತು. ಬಂದ ದಿನದಿಂದಲೇ ತಯಾರಿ ನಡೆಯಿತು. ನಸುಕಿನಲ್ಲಿ ಎದ್ದು ಹಳೆಯ ಆಟಗಳ ವಿಡಿಯೊ ನೋಡುವುದು, ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ವಿವರಿಸುವುದು. ಯಾರನ್ನು ಆರಿಸಬೇಕೆಂಬುದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಮಾರ್ಕಸ್ ಡೆಲ್ವಿನ್ ಎಂಬ ಏಳಡಿಯ ದೈತ್ಯ ಇಡೀ ಲೀಗಿಗೇ ದೊಡ್ಡವನೆಂದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆದರೂ ಸಿದ್ರಾಯ ಅವನನ್ನು ಸಂಶೋಧನೆ ಮಾಡಿ ಕಂಡುಹಿಡಿದವನಂತೆ ಓಡಾಡಿದ.

ಡ್ರಾಫ್ಟ್ ನಡೆದದ್ದು ಹುಕ್ಕೇರಿಯಲ್ಲಿ, ಅಣ್ಣಾಸಾಹೇಬನ ಟ್ರ್ಯಾಕ್ಟರ್ ಸ್ಪೇರ್‌ಪಾರ್ಟ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಗೋಕಾಕದಿಂದ ಸಿದ್ರಾಯ ವಿದ್ಯಾಳ ಕಾರಿನಲ್ಲಿ ಬಂದ. ಕಾಲೇಜಿನ ಹುಡುಗಿಯರ ತಂಡಕ್ಕೆ ಕ್ಯಾಪ್ಟನ್ ಆಗಿದ್ದ ವಿದ್ಯಾ ಈಗ ಗೋಕಾಕದಲ್ಲೇ ಗಣಿತದ ಲೆಕ್ಚರರ್; ಮಾತು ಕಡಿಮೆ. ಅಂಕಲಗಿಯಿಂದ ಮಹೇಶ ಬಂದಿದ್ದ. ಮೂಡಲಗಿಯಿಂದ ಭೀಮೇಶ ಬಸ್ಸಿನಲ್ಲಿ ಬಂದು, ಮೆಟ್ಟಿಲನ್ನು ಒಂದೊಂದಾಗಿ, ಬಲಗಾಲು ಊರಿ ಎಡಗಾಲು ಎಳೆಯುತ್ತ ಹತ್ತಿದ. ಅವನದು ಅಲ್ಲಿ ಬೀಜ ಗೊಬ್ಬರದ ಅಂಗಡಿ.

ಮಿರ್ಚಿ ಭಜಿ, ಚುರುಮುರಿ, ಚಹಾ ಆದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ಸುತ್ತ ಕುಳಿತರು. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಮೊದಲು ಸಿದ್ರಾಯ, ಆಮೇಲೆ ಭೀಮೇಶ, ಅಣ್ಣಾಸಾಹೇಬ, ಮಹೇಶ, ವಿದ್ಯಾ. ಅಲ್ಲಿಂದ ಸರದಿ ತಿರುಗಿ ವಿದ್ಯಾಳಿಂದ ಹಿಂದಕ್ಕೆ ಬಂದು ಕೊನೆಗೆ ಮತ್ತೆ ಸಿದ್ರಾಯ.

ಸುಮ್ಮನೆ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ತರನಿಗೆ ಎದುರಿಗೆ ನಾಲ್ಕು ಮಂದಿ ಕುಳಿತರೆ ಪಾಠ ಮಾಡದಿರುವುದು ಕಷ್ಟ.

“ನೋಡ್ರಿಪಾ, ತಂಡ ಕಟ್ಟೂದಂದ್ರ ಮನಿ ಕಟ್ಟಿದಂಗ. ಮೊದಲ ನಡುಗಂಬ ನಿಲ್ಲಸಬೇಕ,” ಎನ್ನುತ್ತ, ಎಲ್ಲರ ಮುಖ ನೋಡುತ್ತ, ಹೆಬ್ಬೆರಳಿಂದ ಒತ್ತಿದ.

ಮೊಬೈಲಿನಲ್ಲಿ ಹೆಸರಿನ ಮೊದಲಕ್ಷರ ಮಾತ್ರ ಬರುತ್ತಿತ್ತು. ಒಂದರ ಕೆಳಗೊಂದು ಇಬ್ಬರು ಎಂ. ಡೆಲ್ವಿನ್‌ಗಳಿದ್ದರು. ಒಬ್ಬ ಮಾರ್ಕಸ್. ಇನ್ನೊಬ್ಬ ಮೈಲ್ಸ್; ಅದೇ ತಂಡದವನು, ಸಂಬಂಧಿಕನೇನಲ್ಲ. ಆಟದ ಕೊನೆಗೆ, ಗೆಲುವು ಸೋಲು ತೀರ್ಮಾನವಾಗಿ ಜನ ಮನೆಗೆ ಹೊರಟ ಮೇಲೆ, ಎರಡು ನಿಮಿಷ ಅಂಗಳಕ್ಕೆ ಇಳಿಯುವ ಹುಡುಗ. ಸಿದ್ರಾಯ ಒತ್ತಿದ್ದು ಅವನನ್ನು.

“ಲೇ ಸಿದ್ಯಾ, ಇಂವ ಯಾವನೋ?” ಎಂದ ಅಣ್ಣಾಸಾಹೇಬ, ಮೊಬೈಲನ್ನು ಕಣ್ಣಿನ ಹತ್ತಿರ ತಂದು. “ದೊಡ್ಡಾವನ್ನ ಬಿಟ್ಟ ಸಣ್ಣಾವನ್ನ ತಗೊಂಡಿ?”

ಸಿದ್ರಾಯ ಪರದೆ ನೋಡಿದ. ಕಿವಿಯೆಲ್ಲ ಬಿಸಿಯಾಯಿತು. ‘ಕೈ ತಪ್ಪಿತು’ ಎಂಬ ಎರಡು ಶಬ್ದ ಹೇಳಿದ್ದರೆ ಎಲ್ಲರೂ ನಕ್ಕು, ಒಂದು ಭಜಿ ಹೆಚ್ಚಿಗೆ ತಿಂದು ಮರೆಯುತ್ತಿದ್ದರು. ಆದರೆ ನಡುಗಂಬದ ಪಾಠ ಇನ್ನೂ ಗಾಳಿಯಲ್ಲೇ ಇತ್ತು.

“ಬೇಕಂತ ತಗೊಂಡೇನಿ,” ಎಂದುಬಿಟ್ಟ. “ದೊಡ್ಡಾವನ ಮೊಣಕಾಲ ಹೋಗೇತಿ. ಸುದ್ದಿ ಇನ್ನೂ ಹೊರಗ ಬಿಟ್ಟಿಲ್ಲ. ಅಂವನ ಜಾಗಾಕ್ಕ ಈ ಸಣ್ಣಾವ ಬರ್ತಾನ, ನೋಡಕೋತ ಇರ್ರಿ.”

“ಹೊರಗ ಬಿಟ್ಟಿಲ್ಲಂದ್ರ ನಿನಗ ಯಾರ ಹೇಳಿದ್ರು?” ಎಂದ ಮಹೇಶ.

“ನಾವು ಪಿ.ಟಿ. ಮಂದಿ ಅದೇವಿ. ಓಡೂದ ನೋಡಿದ್ರ ತಿಳೀತೈತಿ.”

ಈ ಮಾತು ತನಗೇ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಒಂದು ಗಳಿಗೆ ಸಿದ್ರಾಯ ಅದನ್ನು ನಂಬಿದ. ನಂಬಿದವನು ಇನ್ನೊಬ್ಬನೂ ಇದ್ದ. ಭೀಮೇಶನ ಬೆರಳು ದೊಡ್ಡ ಡೆಲ್ವಿನ್ ಮೇಲೆ ನಿಂತಿದ್ದದ್ದು ಹಾಗೇ ಹಿಂದೆ ಸರಿಯಿತು.

“ಖರೆನೇ? ಪಾಪ,” ಎಂದು ಅವನು ಬೇರೊಬ್ಬನನ್ನು ಆರಿಸಿದ.

ಆಗ ಸಿದ್ರಾಯನಿಗೆ ಒಂದು ವಿಚಾರ ಹೊಳೆಯಿತು. ಎಲ್ಲರೂ ಹೀಗೇ ಬಿಟ್ಟರೆ ದೊಡ್ಡ ಡೆಲ್ವಿನ್ ಸುತ್ತು ಹೊಡೆದು ತನ್ನ ಬಳಿಗೇ ಬರುತ್ತಾನೆ. ತಪ್ಪು ಮುಚ್ಚಿಕೊಳ್ಳಲು ಹೇಳಿದ ಸುಳ್ಳಿಗೆ ಈಗ ಒಂದು ಗುರಿ ಸಿಕ್ಕಿತು. ಅಣ್ಣಾಸಾಹೇಬನ ಸರದಿಗೆ ಅವನು ಬಾವು ಬಂದಿರುವ ಸುದ್ದಿ ಕೊಟ್ಟ. ಮಹೇಶನ ಸರದಿಗೆ ಆಪರೇಶನ್ ಆಗಬಹುದೆಂದ. ನೆಟ್‌ವರ್ಕ್ ಮೊದಲೇ ಮಂದ, ಒಂದೂವರೆ ನಿಮಿಷದಲ್ಲಿ ಯಾರು ಹುಡುಕಿ ನೋಡುತ್ತಾರೆ. ಇಬ್ಬರೂ ಬೇರೆಯವರನ್ನು ಆರಿಸಿದರು.

ವಿದ್ಯಾ ತಲೆಯೆತ್ತಿದಳು. “ಯಾವ ಕಾಲ್ರಿ ಸರ?”

“ಎಡಗಾಲು,” ಎಂದ ಸಿದ್ರಾಯ, ಕೇಳಿದ್ದೇ ತಡ.

ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಎರಡು ಸರದಿಗಳಲ್ಲೂ ಬೇರೆ ಬೇರೆ ಇಬ್ಬರನ್ನು ತೆಗೆದುಕೊಂಡಳು. ಹಿಂದಕ್ಕೆ ಬರುತ್ತ ಮಹೇಶ ಬಿಟ್ಟ, ಅಣ್ಣಾಸಾಹೇಬ ಬಿಟ್ಟ. ಇನ್ನು ನಡುವೆ ಉಳಿದವನು ಭೀಮೇಶ ಒಬ್ಬನೇ. ಅವನಂತೂ ಆಗಲೇ ಒಮ್ಮೆ ಬಿಟ್ಟವನು. ಸಿದ್ರಾಯ ಮನಸ್ಸಿನಲ್ಲೇ ಮುಂದಿನ ಮಾತು ಜೋಡಿಸಿಕೊಂಡ: ಯಾರಿಗೂ ಬ್ಯಾಡಾದಾವ, ಪಾಪ, ನಾನರ ತಗೋತೇನಿ. ಹೇಳುವಾಗ ಒಂದು ನಿಟ್ಟುಸಿರನ್ನೂ ಬಿಡಬೇಕೆಂದುಕೊಂಡ.

ಭೀಮೇಶ ಮೊಬೈಲಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದ. ಸಮಯ ಓಡುತ್ತಿತ್ತು.

“ಯಾರೂ ಬ್ಯಾಡಂದ್ರ ಹೆಂಗ್ರಿಪಾ,” ಎಂದ ಕೊನೆಗೆ. “ಆಡದಿದ್ರ ಆಡವಲ್ಲ, ಕುಂತಿರ್ತಾನ. ನಾ ತಗೋತೇನಿ.”

ಒತ್ತಿಯೂಬಿಟ್ಟ.

ಕಾಲೇಜಿನ ಕಡೆಯ ವರ್ಷ ಭೀಮೇಶನೇ ಎಲ್ಲರಿಗಿಂತ ಮೇಲಿನ ಆಟಗಾರ. ಒಂದು ಪಂದ್ಯದಲ್ಲಿ ಹಾರಿ ಇಳಿಯುವಾಗ ಎಡ ಮೊಣಕಾಲು ತಿರುಚಿತು. ಯೂನಿವರ್ಸಿಟಿ ತಂಡದ ಆಯ್ಕೆಯ ದಿನ ಅವನು ಕೋಲು ಹಿಡಿದುಕೊಂಡಾದರೂ ಹೋಗಿದ್ದ. ಆರಿಸುವವರು ಅವನ ಕಡೆ ನೋಡಲೂ ಇಲ್ಲ. ಅವನ ಜಾಗಕ್ಕೆ ಹೋದವನು ಸಿದ್ರಾಯ. ಆ ತಂಡದ ಬ್ಲೇಜರ್ ಇವತ್ತಿಗೂ ಸಿದ್ರಾಯನ ಕಬ್ಬಿಣದ ಕಪಾಟಿನಲ್ಲಿ ನುಸಿಗುಳಿಗೆಯ ನಡುವೆ ತೂಗುತ್ತಿತ್ತು, ಗುಂಡಿ ಹಾಕಲು ಬಾರದಿದ್ದರೂ. ಸುಳ್ಳು ಹೇಳಲು ಇಡೀ ದೇಹವೇ ಇತ್ತು. ಭುಜ, ಸೊಂಟ, ಬೆನ್ನು. ತನ್ನ ಬಾಯಿಗೆ ಎಡ ಮೊಣಕಾಲೇ ಯಾಕೆ ಬಂತೆಂದು ಅವನಿಗೆ ಆಗ ತಿಳಿಯಿತು. ಅವನು ನಿಟ್ಟುಸಿರು ಬಿಟ್ಟ. ಜೋಡಿಸಿಟ್ಟುಕೊಂಡದ್ದಲ್ಲ, ತಾನಾಗಿಯೇ ಬಂದದ್ದು.

ಗೋಕಾಕಕ್ಕೆ ಮರಳುವಾಗ ವಿದ್ಯಾ ಗೇರ್ ಬದಲಿಸುತ್ತ ಕೇಳಿದಳು, “ಕೈ ತಪ್ಪಿ ಒತ್ತಿದ್ರಿ, ಹೌದಲ್ರಿ?”

ಸಿದ್ರಾಯ ಹೊರಗಿನ ಕಬ್ಬನ್ನು ನೋಡಿದ. “ಗೊತ್ತಿದ್ರ ನೀವೇ ಅಂವನ್ನ ತಗೋಬೇಕಿತ್ತಲ್ರಿ.”

“ನೀವು ಎಲ್ಲಿ ಮಟಾ ಹೋಗ್ತೀರಿ ನೋಡೂನು ಅನಿಸ್ತು. ಒಂದ ಸೀಸನ್ ಹೋದ್ರ ಹೋಗ್ಲಿ.”

ಸೀಸನ್ ಶುರುವಾಯಿತು. ದೊಡ್ಡ ಡೆಲ್ವಿನ್ ಮೊದಲ ಆಟದಲ್ಲೇ ಎದುರಾಳಿಗಳನ್ನು ಹಿಟ್ಟು ಮಾಡಿದ. ಸಣ್ಣ ಡೆಲ್ವಿನ್ ಟವೆಲ್ ಬೀಸಿ ಹುರಿದುಂಬಿಸಿದ. ಅದಕ್ಕೆ ಅಂಕಗಳಿರಲಿಲ್ಲ.

ಸಿದ್ರಾಯ ಎಣಿಸದಿದ್ದ ಸಂಗತಿಯೆಂದರೆ ಭೀಮೇಶನ ಫೋನು. ದಿನಾ ಮುಂಜಾನೆ ಸ್ನಾನದ ಹೊತ್ತಿಗೆ ಬರುತ್ತಿತ್ತು.

“ಸಿದ್ಯಾ, ನಿನ್ನಿ ಅಂವ ಹಾರಿ ಇಳಿಯೂವಾಗ ಮುಖ ಸಣ್ಣ ಮಾಡಿದ. ನೋವ ಇರಬೇಕ ಅಲ್ಲ?”

“ಇರಬೋದಪಾ.”

“ನೀ ಓಡೂದ ನೋಡಿ ಹೇಳ್ತಿ. ನನಗ ಅಷ್ಟ ತಿಳಿಯೂದಿಲ್ಲ. ಬಾವು ಇಳದೇತಿ ಅನಸ್ತೈತಿ?”

“ಸ್ವಲ್ಪ ಇಳದೇತಿ.”

ಹೀಗೆ ಟವೆಲ್ ಸುತ್ತಿಕೊಂಡು ನಿಂತು, ಎಂದೂ ಬಾರದ ಬಾವನ್ನು ಸಿದ್ರಾಯ ದಿನಕ್ಕಿಷ್ಟಿಷ್ಟು ಇಳಿಸಿದ. ಹೆಂಡತಿ ನಂದಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಯಾರ ಮೊಣಕಾಲ್ರಿ ಅದು?”

“ಅಮೆರಿಕಾದಾಗ ಒಬ್ಬ ಅದಾನ.”

“ನಮ್ಮವ್ವನ ಮೊಣಕಾಲ ವರ್ಷಾತು ನೋಯಾಕತ್ತೇತಿ. ಒಮ್ಮಿನೂ ಕೇಳಿಲ್ಲ ನೀವು,” ಎಂದು ಅವಳು ಒಳಗೆ ಹೋದಳು.

ದೀಪಾವಳಿ ಕಳೆದ ಮೇಲೆ ಒಂದು ವಾರ ಸರದಿಯಂತೆ ಸಿದ್ರಾಯನ ತಂಡಕ್ಕೂ ಭೀಮೇಶನ ತಂಡಕ್ಕೂ ಎದುರುಬದಿರು ಬಿತ್ತು. ಆಶ್ಚರ್ಯವೆಂದರೆ ಸಿದ್ರಾಯನೇ ಮುಂದಿದ್ದ. ಹೇಗೆಂದು ನೋಡಿದರೆ, ಭೀಮೇಶ ದೊಡ್ಡ ಡೆಲ್ವಿನ್‌ನನ್ನು ತನ್ನ ತಂಡದಲ್ಲಿ ಆಡಿಸದೆ ಬದಲಿ ಸಾಲಿನಲ್ಲಿ ಕೂರಿಸಿದ್ದ. ಅವನು ಅಮೆರಿಕದಲ್ಲಿ ಗಳಿಸಿದ ಅಂಕಗಳೆಲ್ಲ ಇಲ್ಲಿ ಲೆಕ್ಕಕ್ಕೆ ಬರದೆ ಹೋಗುತ್ತಿದ್ದವು. ಸಿದ್ರಾಯನೇ ಫೋನ್ ಮಾಡಿದ.

“ಯಾಕ ಕುಂಡ್ರಿಸಿದ್ಯೋ ಅಂವನ್ನ?”

“ಪಾಪ, ದಿನಾ ಆಡಿದ್ರ ಕಾಲ ಏನ ಉಳೀತೈತಿ,” ಎಂದ ಭೀಮೇಶ. “ಅಲ್ಲಿ ಅವರು ಬಿಡೂದಿಲ್ಲ, ಗೊತ್ತೈತಿ. ನನ್ನ ಕೈಯಾಗ ಇದ್ದಷ್ಟರ ವಿಶ್ರಾಂತಿ ಕೊಡ್ತೇನಿ. ಆ ವಯಸ್ಸಿನ್ಯಾಗ ನನಗ ಯಾರಾರ ಕುಂಡರಪಾ ಅಂದಿದ್ರ, ನಾ ಕೋಲ ಹಿಡಕೊಂಡ ಸೆಲೆಕ್ಷನ್‌ಗೆ ಹೋಗತಿದ್ದಿಲ್ಲ. ಕಾಲರ ಉಳೀತಿತ್ತು.”

ಸಿದ್ರಾಯ ಫೋನ್ ಇಟ್ಟ. ಎರಡು ಕ್ಲಾಸಿನ ಹುಡುಗರನ್ನು ಸುಮ್ಮನೆ ಬಿಸಿಲಲ್ಲಿ ಓಡಿಸಿದ. ಆಮೇಲೆ ಹೆಡ್‌ಮಾಸ್ತರರಿಗೆ ಹೊಟ್ಟೆನೋವೆಂದು ಹೇಳಿ, ಅದೂ ಒಂದು ಸುಳ್ಳೇ, ಮೂಡಲಗಿಯ ಬಸ್ ಹಿಡಿದ.

ಭೀಮೇಶ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಎಡಗಾಲು ಚಾಚಿ ಕುಳಿತಿದ್ದ. ಗೊಬ್ಬರದ ಚೀಲದ ಮೇಲೆ ಕುಳಿತ ಸಿದ್ರಾಯ ಚಹಾ ಬರುವ ಮುಂಚೆಯೇ ಎಲ್ಲವನ್ನೂ ಹೇಳಿದ. ಕೈ ತಪ್ಪಿದ್ದು, ನಾಚಿಕೆಯಾದದ್ದು, ಬಾಯಿಗೆ ಬಂದದ್ದು. ಬಾವು ಇಲ್ಲ, ಆಪರೇಶನ್ ಇಲ್ಲ, ಏನೂ ಇಲ್ಲ.

ಭೀಮೇಶ ಚಾಚಿದ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದ.

“ಹಂಗಾರ ಅಂವನ ಕಾಲ ಚಲೋ ಐತಿ?”

“ಚಲೋ ಐತೋ ಮಾರಾಯಾ. ಕುದುರಿ ಇದ್ದಂಗ ಅದಾನ.”

“ಚಲೋ ಆತ ಬಿಡು,” ಎಂದ ಭೀಮೇಶ. ಅವನ ಮುಖದಲ್ಲಿ ಕಂಡದ್ದು ಸಮಾಧಾನ ಮಾತ್ರ. ಸಿದ್ರಾಯ ಬೈಗುಳಕ್ಕೆ ತಯಾರಾಗಿ ಬಂದಿದ್ದ. ಈ ಸಮಾಧಾನವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಭೀಮೇಶ ಮೊಬೈಲ್ ತೆಗೆದು, ಅಲ್ಲೇ ಅವನೆದುರಿಗೇ, ದೊಡ್ಡ ಡೆಲ್ವಿನ್‌ನನ್ನು ಬದಲಿ ಸಾಲಿನಿಂದ ಎಬ್ಬಿಸಿ ಆಡುವವರ ಸಾಲಿಗೆ ಹಾಕಿದ.

“ಈ ವಾರ ನಿನ್ನ ಜೋಡಿನ ಐತಲ್ಲೋ ನಂದು?”

“ಹೂಂ.”

“ಚಹಾ ಕುಡಿ.”

ವಾರ ಮುಗಿಯುವಷ್ಟರಲ್ಲಿ ಸಿದ್ರಾಯ ಹೀನಾಯವಾಗಿ ಸೋಲುವುದು ನಿಶ್ಚಯವಾಗಿತ್ತು, ಹಾಗೇ ಸೋತ. ಆದರೆ ಅವತ್ತು ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಅವನ ಎದೆ ಹಗುರಾಗಿತ್ತು. ತಾನು ಮಾಡಿದ್ದು ಸಣ್ಣ ಕೆಲಸವಲ್ಲ, ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಬಹುದು ಎನ್ನಿಸಿತು. ಹೇಗೆ ಹೇಳಬೇಕೆಂದು ಜೋಡಿಸುತ್ತ ಹೋದ. ಬಸ್ಸು ಗುರ್ಲಾಪುರ ದಾಟುವ ಹೊತ್ತಿಗೆ, ಆ ಕಥೆಯಲ್ಲಿ ಅವನು ಭೀಮೇಶನ ಬಳಿ ಹೋದದ್ದು ಡ್ರಾಫ್ಟ್ ಆದ ಮರುದಿನವೇ ಆಗಿತ್ತು. ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವನು ಸಣ್ಣ ಡೆಲ್ವಿನ್‌ನನ್ನು ಆರಿಸಿದ್ದೇ ಭೀಮೇಶನಿಗೆ ದೊಡ್ಡವನು ಸಿಗಲಿ ಎಂದು.