ರೊಟ್ಟಿ ಮುರಿಯುವ ಮುನ್ನ

"ಎಲ್ರೀ ನಿಮ್ಮ ಹುಡುಗಿ? ಕಾಣಿಸ್ತಾನೇ ಇಲ್ಲ!"

ಅಂಗಳದಿಂದ ಬಂದ ದನಿಗೆ ಕಣಜದೊಳಗೆ ಕೂತಿದ್ದ ಮಸ್ತೂರಾಳ ಕೈ ನಿಂತಿತು. ಹುಡುಗಿಯಂತೆ! ಗಂಡ ಸತ್ತ ಮೇಲೆ ಬುಟ್ಟಿ ಹೆಣೆದೇ ಮಗಳನ್ನು ಬೆಳೆಸಿ ಮದುವೆ ಮಾಡಿಕೊಟ್ಟವಳು ಅವಳು. ಈಗ ಅವಳನ್ನೇ ಕೇಳಲು ಸಂಜೆಗೆ ಬರುತ್ತೇವೆಂದಿದ್ದ ಗಂಡಿನ ಕಡೆಯವರು ಮಧ್ಯಾಹ್ನಕ್ಕೇ ವಕ್ಕರಿಸಿದ್ದರು. ಗೋಧಿ ತುಂಬುವ ದೊಡ್ಡ ಕಣಜವನ್ನು ಒಳಗೆ ಕೂತೇ ಹೆಣೆಯಬೇಕು. ಗೋಡೆ ಆಗಲೇ ಕೂತವಳ ತಲೆ ದಾಟಿತ್ತು. ಎದ್ದು ನಿಂತರೆ ಒದ್ದೆ ಲಂಗ, ತಲೆತುಂಬ ಹೆಣೆಯುವ ವಿಲೋ ಕಡ್ಡಿಯ ಸಿಪ್ಪೆ. ಅಲ್ಲೇ ಅಡಗಿ ಕೂತಳು.

"ಕಾಲುವೆ ಕಡೆ ಹೋಗಿರ್ಬೇಕು, ಬರ್ತಾಳೆ," ಎಂದಳು ರಿಸಾಲತ್ ಚಿಕ್ಕಮ್ಮ. "ನೀವು ಚಹಾ ತಗೊಳ್ಳಿ."

ಬಂದವಳು ಮದುವೆಯ ಗಂಡು ತೋಜಿಬಾಯಿಯ ಅಕ್ಕ ಬಹ್ರಿನಿಸಾ. ಅವನು ಸಂಪ್ರದಾಯದಂತೆ ಬಾಗಿಲಾಚೆ ಕುದುರೆಗಾಡಿಯಲ್ಲಿ ಕಾಯುತ್ತಿದ್ದ. ಜೇನು ಸಾಕುವ ಆ ವಿಧುರ ವಸಂತದಲ್ಲಿ ಗೂಡಿಗೆಂದು ಬುಟ್ಟಿ ಕೊಳ್ಳಲು ಬಂದವನು, ಆಮೇಲೆ ಬೇಕಿಲ್ಲದಿದ್ದರೂ ಬುಟ್ಟಿ ಕೊಳ್ಳುತ್ತಲೇ ಇದ್ದ. ಮಸ್ತೂರಾಳಿಗೂ ಅವನು ಬಂದ ದಿನ ಕೆಲಸ ಹಗುರವೆನಿಸುತ್ತಿತ್ತು.

"ಒಂದು ಮಾತು," ಎಂದಳು ಬಹ್ರಿನಿಸಾ. "ನಮ್ಮನೆಗೆ ಬಂದ್ಮೇಲೆ ಈ ಕಡ್ಡಿ ಕೆಲಸ ಬೇಡ. ಹೆಂಡ್ತಿಗೆ ಅನ್ನ ಹಾಕೋಕೂ ಗತಿಯಿಲ್ವಾ ಅಂತ ಊರೋರು ಆಡ್ಕೋತಾರೆ."

"ಅದಕ್ಕೇನಂತೆ, ಬಿಡ್ತಾಳೆ!" ಎನ್ನುತ್ತ ಚಿಕ್ಕಮ್ಮ ರೊಟ್ಟಿಗೆ ಕೈಹಾಕಿದ್ದು ಹೆಣಿಗೆಯ ಸಂದಿನಲ್ಲಿ ಕಂಡಿತು. ರೊಟ್ಟಿ ಮುರಿದರೆ ಮದುವೆ ಗಟ್ಟಿಯಾದಂತೆ, ಮತ್ತೆ ಹಿಂದೆ ಸರಿಯುವಂತಿಲ್ಲ.

ಮಸ್ತೂರಾಳಿಗೆ ಮೈಯೆಲ್ಲ ಉರಿಯಿತು. ಚಳಿಗಾಲದಲ್ಲಿ ಕಡಿದಷ್ಟೂ ವಸಂತದಲ್ಲಿ ಇಮ್ಮಡಿ ಚಿಗುರುವ ಆ ವಿಲೋ ಗಿಡಗಳನ್ನು, ಕೈಯಲ್ಲಿ ಹಾವಿನಂತೆ ಬಳುಕುವ ಆ ಕಡ್ಡಿಯನ್ನು ಬಿಡುವುದೇ?

"ಆ ರೊಟ್ಟಿ ಅಲ್ಲೇ ಇಡು ಚಿಕ್ಕಮ್ಮ!"

ಕಣಜ ಮಾತಾಡಿದ್ದು ಕೇಳಿ ಬಹ್ರಿನಿಸಾಳ ಬಟ್ಟಲಿನ ಚಹಾ ಮಡಿಲಿಗೆ ಚೆಲ್ಲಿತು. ಅಂಚಿನ ಮೇಲೆ ಸಿಪ್ಪೆ ಮೆತ್ತಿದ ತಲೆಯೊಂದು ಎದ್ದಿತು.

"ನಾನು ಹೆಣೆಯೋದು ಬಿಡಲ್ಲ. ಬೇಕಾದ್ರೆ ಮದುವೆ ಬಿಡ್ತೀನಿ," ಎಂದಳು ಮಸ್ತೂರಾ. ಹೇಳಿಬಿಟ್ಟಳೇನೋ ನಿಜ, ಕಣ್ಣು ಮಾತ್ರ ಬಾಗಿಲಾಚೆಯ ಕುದುರೆಗಾಡಿಯತ್ತ ಓಡಿತು.

ಗಲಾಟೆ ಕೇಳಿ ತೋಜಿಬಾಯಿ ಒಳಗೆ ಓಡಿಬಂದ.

"ಕೇಳಿದ್ಯೇನೋ ಇವಳ ಮಾತು?" ಅಕ್ಕ ಕೂಗಿದಳು. "ಮದುವೆ ಆದ್ಮೇಲೂ ನಮ್ಮ ಅಂಗಳ ತುಂಬ ಕಸ ಹರವ್ಕೊಂಡು ಕೂತಿರ್ತಾಳಂತೆ!"

ತೋಜಿಬಾಯಿ ಕಣಜದ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದ. "ನಮ್ಮ ಅಂಗಳ ಇದಕ್ಕಿಂತ ದೊಡ್ಡದಲ್ವೇನಕ್ಕ," ಎಂದ. ಆಮೇಲೆ ಮಸ್ತೂರಾಳತ್ತ ತಿರುಗಿ, "ಒಳಗೆ ಇನ್ನೊಬ್ರಿಗೆ ಜಾಗ ಇದ್ಯಾ?"

"ಬೂಟು ಬಿಚ್ಚಿ ಬಾ."

"ಅಯ್ಯೋ, ಮಾನ ಕಳೀಬೇಡ್ವೋ!" ಎಂದು ಅಕ್ಕ ಬಾಯಿಬಾಯಿ ಬಡಿದುಕೊಳ್ಳುತ್ತಿದ್ದಂತೆಯೇ ಅವನು ಮಣೆ ಹತ್ತಿ ಒಳಗಿಳಿದ. ಮಸ್ತೂರಾ ಅವನ ಕೈಗೊಂದು ಒದ್ದೆ ಕಡ್ಡಿ ಕೊಟ್ಟಳು. "ಬಿಗಿಯಾಗಿ ಹಿಡ್ಕೋ. ಜೇನುಹುಳ ಅಲ್ಲ, ಕಚ್ಚಲ್ಲ."

ಎರಡೂ ತಲೆಗಳು ಮರೆಯಾದವು. ಅಂಗಳದಲ್ಲಿ ಉಳಿದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಬಹ್ರಿನಿಸಾ ಮಡಿಲು ಕೊಡವಿಕೊಂಡಳು, ನಗು ತಡೆಯಲು ನೋಡಿದಳು, ಆಗಲಿಲ್ಲ. ಕಣಜದ ಅಂಚಿನಿಂದ ಸಿಪ್ಪೆ ಅಂಟಿದ ಕೈಯೊಂದು ಮೇಲೆದ್ದು ಚಾಚಿಕೊಂಡಿತು. ಬಹ್ರಿನಿಸಾ ತಾನೇ ರೊಟ್ಟಿಯೆತ್ತಿ ಆ ಕೈಯಲ್ಲಿಟ್ಟಳು.

ಕಣಜ ಒಮ್ಮೆ ಅಲ್ಲಾಡಿತು. ಒಳಗೆ ರೊಟ್ಟಿ ಮುರಿದ ಸದ್ದಾಯಿತು.